ಯಶೋದಮ್ಮನ ಪದವಿದ್ದ ಕಂಪ್ಯೂಟರು

ನಮ್ಮ ಹೊಳಲಿನಲ್ಲಿ ವೈರು ಇರುವ ಸಾಮಾನು ಯಾವುದು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ನಾನು ಕರೆಂಟು ಆಫೀಸಿನಲ್ಲಿ ಮೀಟರ್ ಓದುತ್ತಿದ್ದವನು. ಮನೆಮನೆಗೆ ಹೋಗಿ, ಅಂಕಿ ನೋಡಿ, ಬಿಲ್ಲು ಕೊಟ್ಟು ಬರುವುದಷ್ಟೇ ನನ್ನ ಕೆಲಸವಾಗಿತ್ತು. ಅಷ್ಟಕ್ಕೇ ಊರಿನವರು ನನಗೆ ಮಿಕ್ಸಿ, ಟೀವಿ, ಪಂಪ್‌ಸೆಟ್ಟು, ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟು ಎಲ್ಲದರ ವಿದ್ಯೆಯೂ ಬರುತ್ತದೆ ಎಂದು ತೀರ್ಮಾನ ಮಾಡಿಬಿಟ್ಟಿದ್ದಾರೆ. ಬರುವುದಿಲ್ಲ ಎಂದರೆ ನಂಬುವುದಿಲ್ಲ, ಪೆನ್ಷನ್ ಬಂದ ಮೇಲೆ ಸಿದ್ದರಾಮುವಿಗೆ ಕೊಬ್ಬು ಎನ್ನುತ್ತಾರೆ. ಆದ್ದರಿಂದ ಆ ವಿಜಯದಶಮಿಯ ಬೆಳಿಗ್ಗೆ ಪಕ್ಕದ ಮನೆಯ ನಿಂಗಯ್ಯ ಗೋಡೆಯ ಮೇಲಿಂದ ತಲೆ ಹಾಕಿ, "ಸಿದ್ರಾಮು, ಕಂಪ್ಯೂಟ್ರು ಏಳ್ತಾ ಇಲ್ಲ ಕಣ್ಲಾ, ವಸಿ ಬಾ," ಅಂದಾಗ ಕಾಫಿ ಲೋಟ ಅಲ್ಲೇ ಇಟ್ಟು ಹೋದೆ.

ಅವರ ನಡುಮನೆಯಲ್ಲಿ ಕಂಪ್ಯೂಟರಿಗೆ ಹಿಂದಿನ ದಿನದ ಆಯುಧಪೂಜೆಯ ಅಲಂಕಾರ ಹಾಗೇ ಇತ್ತು. ಪರದೆಯ ನೆತ್ತಿಗೆ ವಿಭೂತಿ ಪಟ್ಟೆ, ನಡುವೆ ಕುಂಕುಮ. ಕೆಳಗಿನ ಡಬ್ಬಕ್ಕೆ ಚೆಂಡುಹೂವಿನ ಸರ. ಕೀಬೋರ್ಡಿನ ಮೇಲೆ ಒಂದು ಬಾಳೆಹಣ್ಣು. ಸ್ವಿಚ್ಚು ಹಾಕಿದರೆ ಫ್ಯಾನು ಗುಂಯ್ ಎಂದು ತಿರುಗುತ್ತಿತ್ತು, ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಬಂದು ನಿಲ್ಲುತ್ತಿದ್ದವು. ಕನ್ನಡಕ ಹಾಕಿಕೊಂಡು ಕೂಡಿಸಿ ಓದಿದೆ. ಯಂತ್ರ ಏಳುವುದಕ್ಕೆ ಬೇಕಾದ ಯಾವುದೋ ಫೈಲು ಕೆಟ್ಟಿದೆ, ಇಲ್ಲವೇ ಕಾಣೆಯಾಗಿದೆ, ಜೊತೆಯಲ್ಲಿ ಬಂದ ಸೀಡಿ ಹಾಕಿ ರಿಪೇರಿ ಮಾಡಿಕೊಳ್ಳಿ ಎಂದಿತ್ತು.

"ಏನಂತ್ಲಾ?" ಎಂದ ನಿಂಗಯ್ಯ.

"ಫೈಲು ಕೆಟ್ಟೋಗದಂತೆ."

"ಯಾವ್ದು, ಇವಳ ಪದವಾ?"

"ಅದಲ್ಲ ಕಣ್ಲಾ. ಕಂಪ್ಯೂಟ್ರುದೇ ಸ್ವಂತದ್ದು. ಅದು ಎದ್ದು ಕೂರಕ್ಕೆ ಬೇಕಾದ್ದು."

ನಿಂಗಯ್ಯ ಉಸಿರು ಬಿಟ್ಟು ಹೆಂಡತಿಯ ಕಡೆ ನೋಡಿದ. ಯಶೋದಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕತ್ತಿಗೆ ಸುತ್ತಿದ ಬಿಳಿ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. ಅವಳ ಕೈಯಲ್ಲಿ ಯಾವಾಗಲೂ ಇರುವ ಸ್ಟೀಲು ಚೊಂಬು ಆಗ ಇರಲಿಲ್ಲ. ಅವಳು ಏನೂ ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ.

ಯಶೋದಮ್ಮನ ವಿಷಯ ಇಲ್ಲಿ ಹೇಳಬೇಕು. ಅವಳು ಮಳವಳ್ಳಿಯ ಆಚೆ, ಮುತ್ತತ್ತಿಗೆ ಹೋಗುವ ದಾರಿಯ ಹಳ್ಳಿಯವಳು. ಮದುವೆಯಾಗಿ ನಮ್ಮ ಊರಿಗೆ ಬಂದ ದಿನವೇ ಗಂಡಿನ ಕಡೆಯ ಹೆಂಗಸರು ಹೇಳಿದ ಸೋಬಾನೆ ಪದದಲ್ಲಿ ತಪ್ಪು ಹುಡುಕಿದಳಂತೆ. ಮದುವಣಗಿತ್ತಿ ಬಾಯಿ ಬಿಡಬಾರದು ಎಂದು ನಮ್ಮ ಕಡೆಯವರು ಬೈದರಂತೆ. ಅಂದು ಬೈದವರೇ ಆಮೇಲೆ ಮಗಳ ಮದುವೆ, ಮೊಮ್ಮಗಳ ಆರತಿ ಅಂತ ಮನೆ ಮುಂದೆ ಬಂದು ನಿಂತರು. ಮದ್ದೂರಿನ ಕಡೆಯಿಂದ, ಹನಕೆರೆಯಿಂದ, ಎಲ್ಲೆಲ್ಲಿಂದಲೋ ಬಂದು ಕರೆದುಕೊಂಡು ಹೋಗುತ್ತಿದ್ದರು. ಎಣ್ಣೆ ಅರಿಶಿನದ ಶಾಸ್ತ್ರಕ್ಕೆ ಹಸೆಮಣೆಯ ಪಕ್ಕದಲ್ಲಿ ಇವಳು ಕೂತು ಪದ ಎತ್ತಿಕೊಂಡರೆ ಚಪ್ಪರದ ಆಚೆ ಇಸ್ಪೀಟು ಆಡುತ್ತಿದ್ದ ಗಂಡಸರೂ ಎಲೆ ಕೆಳಗಿಡುತ್ತಿದ್ದರು. ಅದನ್ನು ನಾನು ಕೇಳಿ ಹೇಳುತ್ತಿಲ್ಲ, ನಾನೂ ಎಲೆ ಕೆಳಗಿಟ್ಟವನೇ.

ಓದು ಬರಹ ಅವಳಿಗೆ ಬರುತ್ತಿರಲಿಲ್ಲ. ಪದಗಳೆಲ್ಲ ತಲೆಯಲ್ಲೇ ಇದ್ದವು. ಯಾರ ಮನೆಯ ಮದುವೆಯೋ ಆ ಹುಡುಗಿಯ ಹೆಸರು, ಅವಳ ಅಪ್ಪನ ಹೆಸರು, ಅವರ ಹೊಲ, ಅವರ ಹಸು, ಎಲ್ಲವನ್ನೂ ಸೇರಿಸಿ ಅಲ್ಲೇ ಹೊಸ ಸಾಲು ಕಟ್ಟುತ್ತಿದ್ದಳು. ಅಳಿಯನ ಕಡೆಯವರು ಜಿಪುಣರು ಅಂತ ಗೊತ್ತಾದರೆ ಅದನ್ನೂ ಸೇರಿಸುತ್ತಿದ್ದಳು, ಅವರು ನಗುವ ಹಾಗೆ. ಮನೆಯಲ್ಲಿ ಮಾತ್ರ ಅವಳ ಬಾಯಿ ಬೇರೆ. ನಿಂಗಯ್ಯನಿಗೆ ಅವಳು ಹಾಕುತ್ತಿದ್ದ ಬೈಗುಳ ಗೋಡೆ ದಾಟಿ ನಮ್ಮ ಮನೆಗೆ ಬರುತ್ತಿತ್ತು. ನನ್ನ ಹೆಂಡತಿ ನಾಗರತ್ನ ಒಳ್ಳೆಯ ಬೈಗುಳಗಳನ್ನು ಕಲಿತು ನನ್ನ ಮೇಲೆ ಉಪಯೋಗಿಸುತ್ತಿದ್ದಳು.

ಹೊಗೆಸೊಪ್ಪು ಯಶೋದಮ್ಮನ ಚಟ. ಎಲೆ ಅಡಿಕೆಯ ಜೊತೆ ದವಡೆಗೆ ಒತ್ತರಿಸಿಕೊಂಡೇ ಪದ ಹೇಳುತ್ತಿದ್ದಳು. ಗಂಟಲು ಒಡೆದಾಗ ಶೀತ ಎಂದುಕೊಂಡರು, ಕಷಾಯ ಕುಡಿದರು. ಶೀತ ಅಲ್ಲ ಎಂದು ಗೊತ್ತಾಗುವ ಹೊತ್ತಿಗೆ ಮೈಸೂರಿನ ಡಾಕ್ಟರು, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು. ಮಾತು ಹೋಗುತ್ತದೆ, ಕತ್ತಿನಲ್ಲಿ ಒಂದು ತೂತು ಇರುತ್ತದೆ, ಅದರಿಂದ ಉಸಿರಾಡಬೇಕು ಎಂದು ಬಿಡಿಸಿ ಹೇಳಿದರು. ಯಶೋದಮ್ಮ ಎಲ್ಲ ಕೇಳಿಸಿಕೊಂಡು, "ಅಂಗಾರೆ ದೀಪಿಕನ ಮದ್ವೆಗೆ ಯಾರು ಹೇಳ್ತಾರೆ?" ಎಂದಳಂತೆ. ಡಾಕ್ಟರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಎಂದು ನಿಂಗಯ್ಯ ನನಗೆ ಹೇಳಿದ.

ದೀಪಿಕ ಅವರ ಒಬ್ಬಳೇ ಮಗಳು, ಆಗ ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಈ ಕಂಪ್ಯೂಟರು ಅವಳ ಓದಿಗಾಗಿ ಯಾರಿಂದಲೋ ಕೊಂಡ ಹಳೆಯ ಮಾಲು. ಆಪರೇಷನ್ನಿಗೆ ಹೋಗುವ ಹಿಂದಿನ ದಿನ ಯಶೋದಮ್ಮ ಗಂಡನನ್ನು ಅದರ ಮುಂದೆ ಕೂರಿಸಿದಳು. ದೀಪಿಕ ಅಪ್ಪನಿಗೆ ಎಲ್ಲಿ ಒತ್ತಬೇಕು, ಪದ ರೆಕಾರ್ಡು ಆಗುವಾಗ ಯಾವ ಕೆಂಪು ಗುಂಡಿ ಉರಿಯುತ್ತಿರಬೇಕು ಎಂದು ತೋರಿಸಿಕೊಟ್ಟಳು, ಆಮೇಲೆ ಅವಳನ್ನು ನಮ್ಮ ಮನೆಗೆ ಕಳಿಸಿಬಿಟ್ಟರು. ಮಗಳಿಗೆ ಕಟ್ಟಿದ ಪದ ಮಗಳ ತಲೆಗೆ ಎಣ್ಣೆ ಬೀಳುವ ಹೊತ್ತಿಗೇ ಮೊದಲು ಕೇಳಬೇಕು, ಅದಕ್ಕೆ ಮುಂಚೆ ಯಾರ ಕಿವಿಗೂ ಬೀಳಬಾರದು ಎಂಬುದು ಯಶೋದಮ್ಮನ ತವರಿನ ಪದ್ಧತಿ. ಮೈಕು ಹಿಡಿಯಲೇಬೇಕಾದ್ದರಿಂದ ಗಂಡನಿಗೆ ಮಾತ್ರ ವಿನಾಯಿತಿ. ದೀಪಿಕ ನಮ್ಮ ಜಗಲಿಯಲ್ಲಿ ಕೂತು ನಾಗರತ್ನ ಕೊಟ್ಟ ಕಾಫಿಯನ್ನು ಆರಿಸಿಕೊಂಡು ಕುಡಿದಳು. ಪಕ್ಕದ ಮನೆಯ ಬಾಗಿಲು ಹಾಕಿತ್ತು. ಮೈಕು ಸರಿಯಾಗಿ ಹಿಡಿ ಎಂದು ಯಶೋದಮ್ಮ ಗಂಡನಿಗೆ ಬೈದದ್ದು ಮಾತ್ರ ನಮಗೆ ಕೇಳಿಸಿತು.

ಆಗ ಅವರ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಚಿಕ್ಕ ಫೋನು. ಕಂಪ್ಯೂಟರಾದರೆ ಮನೆಯಲ್ಲೇ ಇರುತ್ತದೆ, ಗದ್ದೆ ಬದುವಿನಲ್ಲಿ ಬಿದ್ದುಹೋಗುವುದಿಲ್ಲ ಎಂಬ ಧೈರ್ಯ ಅವರದು. ಪೆನ್‌ಡ್ರೈವಿಗೆ ಹಾಕಿಡೋಣ ಎಂದು ದೀಪಿಕ ಆಮೇಲೆ ಹೇಳಿದಾಗೆಲ್ಲ ಯಶೋದಮ್ಮ ಕೈ ಅಡ್ಡ ಆಡಿಸುತ್ತಿದ್ದಳು, ಹಾಕುವ ನೆಪದಲ್ಲಿ ಇವಳು ಕೇಳಿಬಿಡುತ್ತಾಳೆ ಎಂದು.

ಮಾತು ಹೋದ ಮೇಲೆ ಚೊಂಬು ಬಂತು. ಸ್ಟೀಲು ಚೊಂಬಿಗೆ ಬೆರಳಿನ ಉಂಗುರದಿಂದ ಒಂದು ಸಲ ಬಡಿದರೆ ಹೂಂ, ಎರಡು ಸಲ ಬಡಿದರೆ ಬೇಡ, ಒಂದೇ ಸಮ ಬಡಿದರೆ ಬೈಗುಳ. ನಿಂಗಯ್ಯ ಮನೆಗೆ ತಡವಾಗಿ ಬಂದ ದಿನ ಆ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ನಾವು ನಗುತ್ತಿದ್ದೆವು. ಶುಕ್ರವಾರ ಮನೆ ಸಾರಿಸಿ, ಮಗಳು ಕೆಲಸಕ್ಕೆ ಹೋದ ಮೇಲೆ, ಅವಳು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ನಿಂಗಯ್ಯ ಅದನ್ನು ಹಚ್ಚಿಕೊಟ್ಟು ಎದ್ದು ಹೋಗಬೇಕು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ತನ್ನ ಪದ ತಾನೇ ಕೇಳಿ, ಸೆರಗಿನಿಂದ ಪರದೆ ಒರೆಸಿ ಏಳುತ್ತಿದ್ದಳು. ಆ ಡಬ್ಬದ ಮೇಲೆ ಅವಳಿಗೆ ಇದ್ದ ಭಯಭಕ್ತಿ ನಿಂಗಯ್ಯನ ಮೇಲೆ ಎಂದೂ ಇರಲಿಲ್ಲ.

ಈಗ ದೀಪಿಕನಿಗೆ ಮದ್ದೂರಿನ ಒಂದು ಸೊಸೈಟಿಯಲ್ಲಿ ಕೆಲಸ. ಮಳವಳ್ಳಿ ಕಡೆಯ ಚಲುವರಾಜು ಎಂಬ ಹುಡುಗ ಒಪ್ಪಿಗೆಯಾಗಿ, ದೀಪಾವಳಿ ಕಳೆದು ಕಾರ್ತಿಕದಲ್ಲಿ ಮದುವೆ ಇಟ್ಟುಕೊಂಡಿದ್ದರು. ಕಂಪ್ಯೂಟರು ಏಳದೆ ಕೂತದ್ದು ಅದಕ್ಕೆ ಮುಂಚಿನ ದಸರೆಯಲ್ಲಿ.

ನಾನು ಆ ಬೆಳಿಗ್ಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ. ಆಫ್ ಮಾಡಿ ಆನ್ ಮಾಡಿದೆ. ನಿಂಗಯ್ಯ ಪಂಪ್‌ಸೆಟ್ಟಿಗೆ ಬಡಿಯುವ ಹಾಗೆ ಪಕ್ಕಕ್ಕೆ ಎರಡು ಬಡಿದ. ಒಮ್ಮೆ ಅದು ತಾನೇ ರಿಪೇರಿ ಮಾಡಿಕೊಳ್ಳುತ್ತೇನೆ ಎಂದಿತು. ನಾವಿಬ್ಬರೂ ಕುರ್ಚಿ ಎಳೆದುಕೊಂಡು ಕೂತೆವು. ಹಸಿರು ಪಟ್ಟಿ ಹೋಯಿತು, ಬಂತು, ಹೋಯಿತು, ಬಂತು. ಕೊನೆಗೆ ತನ್ನಿಂದ ತಾನಾಗಿ ಸರಿಮಾಡಲು ಆಗುವುದಿಲ್ಲ ಎಂದು ಬರೆದು ನಿಂತಿತು. ಅದನ್ನು ಹೇಳುವುದಕ್ಕೆ ಅಷ್ಟು ಹೊತ್ತು ಬೇಕಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು.

ನೆಂಟರ ಮನೆಗೆ ಬನ್ನಿ ಕೊಡಲು ಹೋಗಿದ್ದ ದೀಪಿಕ ಮಧ್ಯಾಹ್ನ ಬಂದಳು. ಪರದೆ ನೋಡಿದವಳೇ, "ನಾನು ನಿನ್ನೆ ಆಫ್ ಮಾಡಿ ಓಗಿದ್ನಲ್ಲ, ಪೂರ್ತಿ ಆಫ್ ಆಯ್ತಾ ಅದು?" ಎಂದು ಕೇಳಿದಳು. ಲಗ್ನಪತ್ರಿಕೆಯ ಮಾದರಿ ನೋಡಲು ಅವಳು ತನ್ನ ಫೋನಿನ ನೆಟ್ಟನ್ನು ಕಂಪ್ಯೂಟರಿಗೆ ಕೊಟ್ಟಿದ್ದಳಂತೆ. ಎಷ್ಟೋ ತಿಂಗಳಿಂದ ನೆಟ್ಟು ಕಾಣದ ಯಂತ್ರ ಏನೇನೋ ಎಳೆದುಕೊಂಡು, ಆಫ್ ಮಾಡುವಾಗ ಅಪ್‌ಡೇಟ್ ಶುರು ಮಾಡಿತ್ತು. ಮುಗಿಯುವ ತನಕ ಕರೆಂಟು ತೆಗೆಯಬೇಡಿ ಎಂದು ಪರದೆಯ ಮೇಲೆಯೇ ಬರೆದಿತ್ತು. ಬ್ಲೌಸು ತರಲು ಮಂಡ್ಯಕ್ಕೆ ಹೋಗುವ ಬಸ್ಸು ಬಂತೆಂದು ಇವಳು ಹಾಗೇ ಬಿಟ್ಟು ಓಡಿದ್ದಳು.

"ಯಾವನ್ಲಾ ಅದ್ರ ವೈರು ಕಿತ್ತೋನು?" ಎಂದು ನಿಂಗಯ್ಯ ಮನೆ ಹಾರಿಹೋಗುವ ಹಾಗೆ ಕೂಗಿದ. "ಕೈ ಮುರ್ದಾಕ್ತೀನಿ. ಬುದ್ಧಿ ಬ್ಯಾಡ್ವಾ?"

ಅಡುಗೆಮನೆಯಿಂದ ಚೊಂಬಿನ ಸದ್ದು ಬಂತು. ಟಣ್ ಎಂದು ಒಂದೇ ಸಲ.

ಆಯುಧಪೂಜೆಯ ದಿನ ನಮ್ಮಲ್ಲಿ ಯಾವ ಹತಾರವೂ ಕೆಲಸ ಮಾಡಬಾರದು. ನೇಗಿಲು, ಕುಡುಗೋಲು, ಮಚ್ಚು, ಪಂಪ್‌ಸೆಟ್ಟು, ಟ್ರ್ಯಾಕ್ಟರು ಎಲ್ಲ ತೊಳೆದು, ಕುಂಕುಮ ಇಟ್ಟು, ಸುಮ್ಮನೆ ಮಲಗಿಸಬೇಕು. ಆ ಒಂದು ದಿನ ಅವುಗಳಿಗೆ ರಜ. ಯಶೋದಮ್ಮ ಪೂಜೆಯ ತಟ್ಟೆ ಹಿಡಿದು ಬಂದಾಗ ಈ ಡಬ್ಬ ಒಂದೇ ಗುಂಯ್ಗುಡುತ್ತ ದುಡಿಯುತ್ತಿತ್ತು. ಪರದೆಯ ಇಂಗ್ಲಿಷು ಅವಳಿಗೆ ಓದಲು ಬಾರದು. ತನ್ನ ಪದ ಇಟ್ಟುಕೊಂಡಿರುವ ಯಂತ್ರ, ಇದಕ್ಕೂ ಇವತ್ತು ವಿಶ್ರಾಂತಿ ಬೇಡವೇ ಎಂದುಕೊಂಡು, ಗೋಡೆಯಿಂದ ವೈರು ಕಿತ್ತು, ಸುರುಳಿ ಸುತ್ತಿ, ಅದಕ್ಕೂ ಅರಿಶಿನ ಇಟ್ಟು, ಕಾಯಿ ಒಡೆದು ಕೈ ಮುಗಿದಿದ್ದಳು. ಇಷ್ಟನ್ನೂ ಅವಳು ನಮ್ಮ ಮುಂದೆ ಕೈಯಲ್ಲಿ ಮಾಡಿ ತೋರಿಸಿದಳು. ವೈರು ಸುತ್ತಿದ್ದು, ಕೈ ಮುಗಿದದ್ದು. ನಿಂಗಯ್ಯ ಹೊರಗೆ ಹೋಗಿ ಜಗಲಿಯ ಮೇಲೆ ಕೂತುಬಿಟ್ಟ. ಬೈಯಲು ಬಾಯಿ ತೆರೆದರೆ ಎದುರಿಗೆ ಬೈಗುಳ ವಾಪಸು ಕೊಡುವವರಿಲ್ಲ ಎಂಬುದು ಅವನಿಗೆ ಅಂದು ಮೊದಲ ಸಲ ಕಷ್ಟವಾಯಿತು ಎಂದು ಕಾಣುತ್ತದೆ.

ದೀಪಿಕ ಫೋನಿನಲ್ಲಿ ಒಂದು ವೀಡಿಯೊ ಹುಡುಕಿದಳು. ಅದರಲ್ಲಿ ಒಬ್ಬ ಹಿಂದಿಯಲ್ಲಿ ಹೇಳುತ್ತ ಹೋಗುತ್ತಿದ್ದ, ಇವಳು ಕಪ್ಪು ಪರದೆಯ ಮೇಲೆ ಅವನು ಹೇಳಿದ ಅಕ್ಷರ ಒತ್ತುತ್ತಿದ್ದಳು. ಯಂತ್ರ ತನ್ನ ಫೈಲುಗಳನ್ನೆಲ್ಲ ಒಂದೊಂದಾಗಿ ತಡವಿ ನೋಡುತ್ತದಂತೆ. ಯಶೋದಮ್ಮ ದೇವರ ಮುಂದೆ ದೀಪ ಹಚ್ಚಿ ಬಂದು ಮಗಳ ಹಿಂದೆ ನಿಂತಳು. ಕೊನೆಗೆ ಬಂದ ಉತ್ತರವನ್ನು ದೀಪಿಕ ಓದಿದಳು. ಕೆಟ್ಟ ಫೈಲುಗಳು ಸಿಕ್ಕಿವೆ, ಆದರೆ ಕೆಲವನ್ನು ಸರಿಮಾಡಲು ಆಗಲಿಲ್ಲ. ಒಳ್ಳೆಯ ಫೈಲು ಬೇಕು ಎಂದರೆ ಆ ಮೂಲ ಸೀಡಿಯೇ ಆಗಬೇಕು.

"ಸೀಡಿ ಎಲ್ಲದಪ್ಪಾ?" ಎಂದು ಕೇಳಿದಳು.

ನಿಂಗಯ್ಯ ತಲೆ ಕೆರೆದುಕೊಂಡ. ಅವನು ತಲೆ ಕೆರೆದುಕೊಂಡ ರೀತಿಯಲ್ಲೇ ನನಗೆ ಗೊತ್ತಾಯಿತು. ನಮ್ಮ ಕಡೆ ಕೆಲಸಕ್ಕೆ ಬಾರದ ಸೀಡಿಗಳನ್ನು ದಾರ ಕಟ್ಟಿ ರಾಗಿ ಹೊಲದಲ್ಲಿ ನೇತುಹಾಕುತ್ತಾರೆ, ಬಿಸಿಲಿಗೆ ಫಳಫಳ ಎಂದರೆ ಹಕ್ಕಿ ಬರುವುದಿಲ್ಲವೆಂದು. ಮನೆಯಲ್ಲಿದ್ದ ಹಳೆಯ ಸಿನಿಮಾ ಸೀಡಿಗಳ ಜೊತೆ ಕಂಪ್ಯೂಟರಿನ ಸೀಡಿಯೂ ಹಿಂದಿನ ವರ್ಷವೇ ಹೊಲ ಸೇರಿತ್ತು. ನಾವು ಮೂವರೂ ಹೊಲಕ್ಕೆ ಹೋದೆವು. ರಾಗಿ ತೆನೆ ಬಿಟ್ಟಿತ್ತು. ಕೋಲುಕೋಲಿಗೂ ಒಂದೊಂದು ಸೀಡಿ ತಿರುಗುತ್ತಿತ್ತು. ಒಂದೊಂದನ್ನೇ ಹಿಡಿದು ತಿರುಗಿಸಿ ಓದಿದೆವು. ಎಲ್ಲದರ ಬಣ್ಣವೂ ಹೋಗಿತ್ತು. ಬೇಲಿಯ ಮೂಲೆಯಲ್ಲಿದ್ದದ್ದು ಅದೇ ಇರಬೇಕು ಎಂದು ದೀಪಿಕ ಗುರುತು ಹಿಡಿದಳು. ಅಂಚಿನಲ್ಲಿ ನಿಂಗಯ್ಯ ಮೊಳೆಯಿಂದ ತೂತು ಹೊಡೆದು ದಾರ ಕಟ್ಟಿದ್ದ. ತೊಳೆದು, ಒರೆಸಿ, ಯಂತ್ರಕ್ಕೆ ಹಾಕಿದರೆ ಅದು ಕಟಕಟ ಅಂದು ಬಾಯಿ ತೆರೆದು ಹೊರಕ್ಕೆ ಕೊಟ್ಟಿತು.

"ಹಕ್ಕಿನಾದ್ರೂ ಓಡುಸ್ತಾ ಇತ್ತಾ ಅದು?" ಎಂದು ನಾನು ರೇಗಿದೆ.

"ಎಲ್ಲಿ, ಗಿಣಿ ಅದ್ರ ಮ್ಯಾಲೇ ಕೂತ್ಕತಿದ್ವು," ಎಂದ ನಿಂಗಯ್ಯ.

ಕಡೆಗೆ ಮಂಡ್ಯದ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆವು. ಡಬ್ಬವನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಿಕೊಟ್ಟವಳು ಯಶೋದಮ್ಮ. ಆಸ್ಪತ್ರೆಗೆ ಕಳಿಸುವ ಹಾಗೆ ಬಸ್ಸಿನ ತನಕ ಬಂದಳು. ಅಂಗಡಿಯ ಯಜಮಾನ ಒಳ್ಳೆಯವನ ಹಾಗೆಯೇ ಕಂಡ. ವಿಂಡೋಸ್ ಹಾಳಾಗಿದೆ, ಆದರೆ ಒಳಗಿನ ಸಾಮಾನು ಎಲ್ಲಿಗೂ ಹೋಗಿಲ್ಲ ಎಂದ. ಡಿಸ್ಕು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಹಾಡು ಎತ್ತಿಕೊಳ್ಳಬಹುದು, ಆಮೇಲೆ ಹೊಸ ವಿಂಡೋಸ್ ಹಾಕಿದರಾಯಿತು. ಇಷ್ಟೇನಾ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿಂಗಯ್ಯ, "ಆ ಪದ ಒಂದು ಓಗ್ಬಾರ್ದು ಸಾಮಿ, ಮಿಕ್ಕಿದ್ದೆಲ್ಲ ಹಾಳಾಗೋಗ್ಲಿ," ಎಂದು ಹೇಳಿದ. ಕೆಲಸದ ಹೊತ್ತಿನಲ್ಲಿ ದೀಪಿಕ ಫೋನು ಎತ್ತುವುದಿಲ್ಲವೆಂದು ತನ್ನ ನಂಬರೇ ಕೊಟ್ಟ. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಬಿಸಿಬಿಸಿ ವಡೆ ತಿಂದೆವು. ಊರಿಗೆ ಬಂದು ಹೇಳಿದಾಗ ಯಶೋದಮ್ಮ ಚೊಂಬು ಬಡಿಯಲಿಲ್ಲ, ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ತನ್ನ ತಲೆಗೆ ಒತ್ತಿ ನೆಟಿಕೆ ತೆಗೆದಳು.

ಮಾರನೆಯ ದಿನ ಯಜಮಾನ ಯಾವುದೋ ಮದುವೆಗೆ ಹೋದ. ಕೆಲಸ ಪುನೀತ್ ಎಂಬ ಅವನ ಕೆಲಸಗಾರನ ಕೈಗೆ ಬಂತು. ಹೋಗುವ ಅವಸರದಲ್ಲಿ ಯಜಮಾನ, ವಿಂಡೋಸ್ ಹಾಕು, ಏನೋ ಹಾಡು ಇದೆಯಂತೆ, ಎಲ್ಲಿದೆ ಎಂದು ಅವರನ್ನೇ ಕೇಳು ಎಂದಷ್ಟೇ ಹೇಳಿದ್ದನಂತೆ. ಪುನೀತ್ ಕೇಳಿದ. ಅದನ್ನು ಅವನ ಮೇಲೆ ತಪ್ಪು ಹೊರಿಸುವ ಮೊದಲು ಒಪ್ಪಿಕೊಳ್ಳಬೇಕು, ಅವನು ಫೋನು ಮಾಡಿ ಕೇಳಿದ.

ಅಂದು ನಮ್ಮ ಕಡೆಯ ನಾಲೆಗೆ ನೀರು ಬಿಟ್ಟಿದ್ದರು. ನಿಂಗಯ್ಯ ಗದ್ದೆಗೆ ನೀರು ಕಟ್ಟಲು ಹೋಗಿದ್ದ, ಕೆಸರಿಗೆ ಬಿದ್ದೀತೆಂದು ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ. ಅದು ಬಡಿದುಕೊಂಡಿತು. ಅಂಗಡಿಯದೇ ಇರಬೇಕು ಎಂದು ಯಶೋದಮ್ಮ ಎತ್ತಿದಳು. ಆಮೇಲೆ ನಡೆದದ್ದನ್ನು ಪುನೀತನೇ ನನಗೆ ಹೇಳಿದ್ದಾನೆ.

"ಸಾರ್, ಇದ್ರಲ್ಲಿ ಸಿ ಮತ್ತೆ ಡಿ ಅಂತ ಎರಡು ಭಾಗ ಇದೆ. ನಿಮ್ಮ ಹಾಡು ಡಿನಲ್ಲಿದ್ರೆ ಏನೂ ಆಗಲ್ಲ. ಸಿ ಮಾತ್ರ ಪೂರ್ತಿ ಅಳಿಸ್ತೀನಿ. ಅಳಿಸ್ಲಾ ಸಾರ್?" ಎಂದನಂತೆ.

ಸಿ ಎಂದರೇನು, ಡಿ ಎಂದರೇನು ಯಶೋದಮ್ಮನಿಗೆ ಗೊತ್ತಿಲ್ಲ. ಅಳಿಸುವುದು ಎಂದರೆ ಗೊತ್ತು. ಅವಳು ಚೊಂಬು ಹುಡುಕಿ ಎರಡು ಸಲ ಬಡಿದಳು. ಟಣ್ ಟಣ್. ಬೇಡ.

"ಹಲೋ, ಸಾರ್? ಕೇಳಿಸ್ತಿಲ್ಲ. ಅಳಿಸ್ಲಾ ಅಂದೆ."

ಟಣ್ ಟಣ್. ಟಣ್ ಟಣ್.

"ಏನೋ ಪಾತ್ರೆ ಸದ್ದು ಸಾರ್. ನೆಟ್‌ವರ್ಕ್ ಇಲ್ಲ ಅನ್ಸುತ್ತೆ. ನಂಗೆ ಇಲ್ಲಿ ಇನ್ನೂ ಕೆಲ್ಸ ಇದೆ ಸಾರ್, ಮಾಡ್ಬಿಡ್ತೀನಿ ಆಯ್ತಾ? ಬೇಡ ಅಂದ್ರೆ ಈಗ್ಲೇ ಹೇಳಿ."

ಈಗಲೇ ಹೇಳಿ ಎಂದನಂತೆ. ಅವಳು ಹೇಳಬೇಕಾದ್ದು ಎರಡೇ ಅಕ್ಷರ.

ನಾನು ಹಿತ್ತಿಲಲ್ಲಿ ತೆಂಗಿನ ಗರಿ ಸೀಳುತ್ತಿದ್ದೆ. ಪಕ್ಕದ ಮನೆಯಲ್ಲಿ ಚೊಂಬು ಹುಚ್ಚು ಹಿಡಿದ ಹಾಗೆ ಬಡಿಯುವುದು ಕೇಳಿಸಿತು. ನಿಂಗಯ್ಯ ಬಂದ ಎಂದು ಕಾಣುತ್ತದೆ, ಬೈಗುಳ ತಿನ್ನುತ್ತಿದ್ದಾನೆ ಎಂದುಕೊಂಡೆ. ಅಷ್ಟರಲ್ಲಿ ಯಶೋದಮ್ಮ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಚೊಂಬು ಹಿಡಿದು ನಮ್ಮ ಹಿತ್ತಿಲಿಗೆ ಓಡಿ ಬಂದಳು. ಕತ್ತಿನ ಬಟ್ಟೆ ಜಾರಿ ಬಿದ್ದಿತ್ತು, ಆ ತೂತಿನಿಂದ ಉಸಿರು ಸುಯ್ ಸುಯ್ ಎನ್ನುತ್ತಿತ್ತು. ಫೋನನ್ನು ನನ್ನ ಕಿವಿಗೆ ಒತ್ತಿದಳು. ಅದು ಕಟ್ಟಾಗಿತ್ತು.

ವಾಪಸು ಮಾಡಿದರೆ ಅವನು ಎತ್ತಲಿಲ್ಲ, ಬೇರೆ ಯಾರದೋ ಜೊತೆ ಮಾತಾಡುತ್ತಿದ್ದ. ಮತ್ತೆ ಮಾಡಿದೆ. ಯಶೋದಮ್ಮ ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು. ಅವನು ಎತ್ತಿದ ಕೂಡಲೆ, "ಏನೂ ಅಳಿಸ್ಬ್ಯಾಡಪ್ಪಾ," ಎಂದೆ.

"ಅಯ್ಯೋ, ಆಗೋಯ್ತಲ್ಲ ಸಾರ್. ಕೇಳಿದ್ನಲ್ಲ, ಯಾರೂ ಏನೂ ಅನ್ಲಿಲ್ಲ."

ನನಗೆ ಅವನನ್ನು ಬಾಯಿಗೆ ಬಂದ ಹಾಗೆ ಬೈಯಬೇಕು ಎನಿಸಿತು. ಏನೆಂದು ಬೈಯಲಿ? ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಾನು ಫೋನು ಕೆಳಗಿಳಿಸಿದೆ. ಯಶೋದಮ್ಮ ನನ್ನ ಮುಖ ನೋಡಿದಳು, ಮೊಣಕೈ ಬಿಟ್ಟಳು, ಗರಿಗಳ ಮೇಲೆಯೇ ಕೂತುಕೊಂಡಳು. ಅಳು ಬಂದರೂ ಅವಳಿಂದ ಸದ್ದು ಬರುವುದಿಲ್ಲ. ನಾಗರತ್ನ ಓಡಿ ಬಂದು ಅವಳ ಕತ್ತಿಗೆ ಬಟ್ಟೆ ಸುತ್ತಿದಳು.

ಹಾಡು ಇದ್ದದ್ದು ಆ ಸಿ ಭಾಗದಲ್ಲೇ ಎಂದು ಆಮೇಲೆ ಗೊತ್ತಾಯಿತು. ಯಜಮಾನ ಬಂದ ಮೇಲೆ ಅಳಿಸಿದ್ದನ್ನು ವಾಪಸು ತರುವ ಯಾವುದೋ ಸಾಫ್ಟ್‌ವೇರ್ ಹಾಕಿ ನೋಡಿದ. ಅರ್ಧರ್ಧ ಫೋಟೊಗಳು ಬಂದವು, ದೀಪಿಕನ ಡಿಪ್ಲೊಮಾ ಪಾಠಗಳು ಬಂದವು. ಹಾಡಿನ ಹೆಸರಿನ ಒಂದು ಫೈಲು ಸಿಕ್ಕಿತು ಕೂಡ. ಒತ್ತಿದರೆ ತೆರೆಯಲಿಲ್ಲ, ಒಳಗೆ ಏನೂ ಇರಲಿಲ್ಲ. ಅವನು ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರು ಈಗ ಕುದುರೆ ಹಾಗೆ ಓಡುತ್ತದೆ ಎಂದ. ನಿಜವಾಗಿಯೂ ಓಡುತ್ತಿತ್ತು. ಮನೆಗೆ ತಂದು ಸ್ವಿಚ್ಚು ಹಾಕಿದರೆ ಕಣ್ಣು ಮಿಟುಕಿಸುವುದರಲ್ಲಿ ನೀಲಿ ಪರದೆ ಬಂತು, ಮೇಲೆ ಒಂದೂ ಗುರುತಿಲ್ಲದೆ. ಯಶೋದಮ್ಮ ಅದರ ಹತ್ತಿರ ಬರಲಿಲ್ಲ.

ಅವಳ ಜೊತೆ ಪದ ಹೇಳುತ್ತಿದ್ದ ಚಿಕ್ಕನಂಜಮ್ಮ ಬಂದು, "ನಂಗಾರಾ ಬಾಯಾಡಿಸಿ ಕಲಿಸು ಕಣವ್ವ, ನಾನು ಹೇಳ್ತೀನಿ," ಎಂದು ಎಷ್ಟೋ ಕೇಳಿಕೊಂಡಳು. ಯಶೋದಮ್ಮ ಎರಡು ಸಲ ಚೊಂಬು ಬಡಿದು ಎದ್ದು ಹೋದಳು. ದೀಪಿಕ ಕೇಳಿದರೂ ಅಷ್ಟೇ. ತನ್ನ ಮೇಲಿನ ಸಿಟ್ಟನ್ನು ಆ ಹೆಂಗಸು ಹಾಗೆ ತೀರಿಸಿಕೊಳ್ಳುತ್ತಿದ್ದಳೋ ಏನೋ, ನನಗೆ ತಿಳಿಯದು.

ಕಾರ್ತಿಕ ಬಂತು, ಚಪ್ಪರ ಹಾಕಿದರು. ಎಣ್ಣೆ ಅರಿಶಿನದ ದಿನ ದೀಪಿಕನನ್ನು ಹಸೆಮಣೆಯ ಮೇಲೆ ಕೂರಿಸಿದರು. ಹೆಂಗಸರೆಲ್ಲ ಸುತ್ತ ಕೂತರು. ಯಾರೋ ಪುಣ್ಯಾತ್ಮ ದೊಡ್ಡ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿದ್ದ, ನಾನೇ ಹೋಗಿ ಅದರ ವೈರು ಕಿತ್ತು ಬಂದೆ. ಚಿಕ್ಕನಂಜಮ್ಮನ ಕಡೆ ಎಲ್ಲರೂ ನೋಡಿದರು.

"ಅವ್ಳ ಮಗಳು. ಅವ್ಳು ಎತ್ಕಳ್ದೆ ನಾನು ಹೇಳಾಕಿಲ್ಲ," ಎಂದು ಚಿಕ್ಕನಂಜಮ್ಮ ಕೈ ಕಟ್ಟಿ ಕೂತಳು.

ಯಶೋದಮ್ಮ ಎಣ್ಣೆಯ ಬಟ್ಟಲು ಹಿಡಿದು ಮಗಳ ಎದುರಿಗೆ ನಿಂತಳು. ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಮಗಳ ನೆತ್ತಿಗೆ ಮುಟ್ಟಿಸಿದಳು. ಆಗ ಅವಳ ತುಟಿ ಅಲ್ಲಾಡಿತು. ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಅಲ್ಲಾಡಿತು. ಅವಳು ಪದ ಎತ್ತಿಕೊಂಡಿದ್ದಳು.

ಅವಳ ತುಟಿ ಎದುರಿಗೆ ಕಾಣುತ್ತಿದ್ದದ್ದು ದೀಪಿಕನಿಗೆ ಮಾತ್ರ. ಆ ಹುಡುಗಿ ತಲೆ ಎತ್ತಿ ಅವ್ವನ ಬಾಯನ್ನೇ ನೋಡುತ್ತ, ಸಣ್ಣ ದನಿಯಲ್ಲಿ, ತಡೆದು ತಡೆದು ಹೇಳಿದಳು.

"ಹಾಲ್ಕರೆಯೋ ಹೊತ್ನಲ್ಲಿ... ಹುಟ್ಟೀದ... ನನ ಮಗಳೆ..."

ಮದುವಣಗಿತ್ತಿ ಹಸೆಯ ಮೇಲೆ ಬಾಯಿ ಬಿಡಬಾರದು. ಆದರೆ ಚಿಕ್ಕನಂಜಮ್ಮ ಅದನ್ನು ಲೆಕ್ಕಿಸದೆ "ಸೋಬಾನೆ" ಎಂದು ದನಿ ಸೇರಿಸಿದಳು, ಉಳಿದ ಹೆಂಗಸರೂ "ಸೋಬಾನೆ" ಎಂದರು. ಯಶೋದಮ್ಮ ಮುಂದಿನ ಸಾಲಿಗೆ ಹೋದಳು. ದೀಪಿಕ ಕಣ್ಣು ಕಿರಿದು ಮಾಡಿ ನೋಡಿದಳು. ತುಟಿ ತೆರೆದು ಮುಚ್ಚಿತು, ಮತ್ತೆ ತೆರೆಯಿತು.

"ಇನ್ನೊಂದ್ಸಲ ಹೇಳವ್ವ," ಎಂದಳು.

ಯಶೋದಮ್ಮ ಇನ್ನೊಂದು ಸಲ ಹೇಳಿದಳು, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ. ದೀಪಿಕನಿಗೆ ತಿಳಿಯಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆ ನೀರಿನಲ್ಲಿ ತುಟಿ ಕಾಣಿಸಿತೋ ಇಲ್ಲವೋ. ಅವಳು ತಿರುಗಿ ಕಂಬದ ಹತ್ತಿರ ನಿಂತಿದ್ದ ಅಪ್ಪನನ್ನು ನೋಡಿದಳು. ಈ ಪದವನ್ನು ದನಿಯಲ್ಲಿ ಕೇಳಿದ್ದವನು ಲೋಕದಲ್ಲಿ ಅವನೊಬ್ಬನೇ.

"ಮುಂದೇನಪ್ಪಾ?"

"ನಂಗೊತ್ತಿಲ್ಲ ಕಣಮ್ಮ," ಎಂದ ನಿಂಗಯ್ಯ. "ನಾನು ಆ ಕೆಂಪು ಗುಂಡಿ ಆರೋಯ್ತದೇನೋ ಅಂತ ಅದ್ನೇ ನೋಡ್ತಾ ಕೂತಿದ್ದೆ."

ಯಶೋದಮ್ಮ ನಿಲ್ಲಿಸಲಿಲ್ಲ. ಮಗಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಭುಜಕ್ಕೆ, ಮೊಣಕಾಲಿಗೆ, ಪಾದಕ್ಕೆ ಎಣ್ಣೆ ಮುಟ್ಟಿಸುತ್ತ ಹೇಳುತ್ತಲೇ ಹೋದಳು. ಅವಳ ತುಟಿ ನಿಂತಾಗೆಲ್ಲ ಹೆಂಗಸರು ಅಂದಾಜಿನ ಮೇಲೆ ಸೋಬಾನೆ ಎಂದರು. ಕೆಲವು ಸಲ ಸರಿಯಾದ ಜಾಗದಲ್ಲಿ, ಕೆಲವು ಸಲ ಅವಳು ಇನ್ನೂ ಸಾಲಿನ ನಡುವೆ ಇರುವಾಗಲೇ. ಪದ ಎಲ್ಲಿ ಮುಗಿಯಿತೋ ನಮಗೆ ಗೊತ್ತಾಗಲಿಲ್ಲ. ಅವಳು ಬಟ್ಟಲು ಕೆಳಗಿಟ್ಟಾಗ ಮುಗಿಯಿತು ಎಂದುಕೊಂಡೆವು.